ಭಾನುವಾರದ ಇಂಗ್ಲಿಷ್

ನವೆಂಬರ್ ೨೮, ಮಂಗಳವಾರ
ಮಧ್ಯಾಹ್ನ, ಊಟದ ಬಿಡುವಿನಲ್ಲಿ

ನನ್ನ ಬಾಯಿಬಡಕಿಗೆ,

ನಿನ್ನ ಗಂಡನ ಮನಃಪೂರ್ವಕ ಆಶೀರ್ವಾದಗಳು. ಇಲ್ಲಿ ನಾನು ಚೆನ್ನಾಗಿದ್ದೇನೆ, ಅಂದರೆ ಎದ್ದು ಕೆಲಸಕ್ಕೆ ಹೋಗಿ ಬರುವಷ್ಟು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳಿದರೆ ‘ಐ ಆಮ್ ಫೈನ್’ ಅನ್ನುತ್ತೀಯ. ಅದಕ್ಕೇ ಕೇಳುವುದಿಲ್ಲ.

ನೀನು ಹೋಗಿ ಹದಿನಾಲ್ಕು ತಿಂಗಳಾದ ಮೇಲೆ ಇದು ನನ್ನ ಮೊದಲ ಕಾಗದ. ತಡವಾಯಿತು, ತಪ್ಪು ನನ್ನದೇ, ಬೈದುಕೋ. ಲಕೋಟೆ ಕಂಡ ಕೂಡಲೇ ನೀನು ಹುಬ್ಬು ಗಂಟಿಕ್ಕುವುದೂ ನನಗೆ ಗೊತ್ತು. ನಾನು ಪರೀಕ್ಷೆ ಪಾಸಾಗುವ ತನಕ ನಮ್ಮಿಬ್ಬರ ಮಾತು ಬರೀ ಇಂಗ್ಲಿಷಿನಲ್ಲಿ ಎಂದು ಹೊರಡುವ ದಿನ ಸೂಟ್‌ಕೇಸಿನ ಮೇಲೆ ಕೂತು ಕಾನೂನು ಮಾಡಿದವಳು ನೀನು. ನೀರಿಗಿಳಿಯದೆ ಈಜು ಬರುವುದಿಲ್ಲ ಅಂದೆ. ಗಂಡನಿಗೆ ಇಂಗ್ಲಿಷ್ ಬಂದರಷ್ಟೇ ಗಂಡನಿಗೆ ವೀಸಾ ಅನ್ನುವ ದೇಶಕ್ಕೆ ನೀನು ವೃದ್ಧಾಶ್ರಮದ ನರ್ಸ್ ಕೆಲಸಕ್ಕೆ ಹೊರಟಿದ್ದೆ, ನಾನು ಒಪ್ಪದೆ ಇನ್ನೇನು ಮಾಡಲಿ? ಆದರೆ ನೋಡು, ಕಾನೂನು ಮಾಡಿದ್ದು ಫೋನಿಗೆ, ಕಾಗದಕ್ಕಲ್ಲ. ಇದನ್ನು ಕಂಡುಹಿಡಿಯಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಬುದ್ಧಿ ನಿಧಾನ ಎಂದು ನೀನು ಅನ್ನುತ್ತಿದ್ದದ್ದು ಸುಳ್ಳಲ್ಲ.

ಮೊದಲು ಊರ ಸುದ್ದಿ. ನಿನ್ನ ಅಮ್ಮನಿಗೆ ಹೊಸ ಹಲ್ಲಿನ ಸೆಟ್ಟು ನಾನೇ ಕಟ್ಟಿಕೊಟ್ಟೆ. ಮೂರು ಸಲ ಉಜ್ಜಿ ಸರಿ ಮಾಡಿದರೂ ಕೆಳಗಿನದು ಒತ್ತುತ್ತದೆ ಅನ್ನುತ್ತಾರೆ. ಅಳಿಯ ಮಾಡಿದ್ದು ಅಂದಮೇಲೆ ಒತ್ತದೆ ಇರುತ್ತದೆಯೇ? ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ನಾನು ಅವರ ಮನೆಯಲ್ಲಿದ್ದಾಗಲೇ ನಿನ್ನ ಫೋನು ಬಂದಿತ್ತು. ಮಾತು ಮುಗಿದ ಮೇಲೆ ಅವರು, ಅಲ್ಲಪ್ಪಾ, ಗಂಡ ಹೆಂಡತಿ ಹೀಗಾ ಮಾತಾಡೋದು, ರೇಡಿಯೋದಲ್ಲಿ ವಾರ್ತೆ ಓದಿದ ಹಾಗಿತ್ತಲ್ಲ ಎಂದರು. ನಾನು ನಕ್ಕುಬಿಟ್ಟೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಮಾತ್ರ ಆ ಮಾತು ಚುಚ್ಚಿತು. ಬಾಗಿಲು ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕೂತೆ.

ಬಚ್ಚಲಿನ ನಲ್ಲಿಯ ವಿಷಯವನ್ನೇ ತೆಗೆದುಕೋ. ಅದು ಸೋರುತ್ತಲೇ ಇದೆ. ನಾನು ಒಂದು ಭಾನುವಾರ ಕಷ್ಟಪಟ್ಟು ವಾಕ್ಯ ಜೋಡಿಸಿ, ನಲ್ಲಿ ಇನ್ನೂ ಸೋರುತ್ತಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನೀನು ‘ಓ, ಐ ಆಮ್ ಸಾರಿ ಟು ಹಿಯರ್ ದಟ್’ ಅಂದೆ. ಸಾರಿಯಂತೆ! ಇದೇ ಮಾತು ಕನ್ನಡದಲ್ಲಿ ಆಗಿದ್ದರೆ ನೀನು ಏನನ್ನುತ್ತಿದ್ದೆ ಎಂದು ನನಗೆ ಬಾಯಿಪಾಠ ಇದೆ. ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯಿತು, ಊರವರ ಬಾಯಿಗೆಲ್ಲ ಹಲ್ಲು ಕೂರಿಸುವ ಮನುಷ್ಯನಿಗೆ ಮನೆಯ ನಲ್ಲಿಗೆ ಒಂದು ವಾಷರ್ ಕೂರಿಸಲು ಆಗುವುದಿಲ್ಲವೇ ಎಂದು ನೀನು ಶುರು ಮಾಡಿದರೆ ನನ್ನ ಅಣ್ಣನ ಮದುವೆಯ ದಿನ ನಾನು ಬಸ್ಸು ತಪ್ಪಿಸಿಕೊಂಡ ಕಥೆಯ ತನಕ ಹೋಗುತ್ತಿದ್ದೆ. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಬೀದಿಗೆ ಹೋಗಿ ನಿಲ್ಲುತ್ತಿದ್ದೆ. ಹತ್ತು ನಿಮಿಷ ಬಿಟ್ಟು ನೀನೇ ಚಹಾ ಲೋಟ ಹಿಡಿದು ಬಾಗಿಲಿಗೆ ಬರುತ್ತಿದ್ದೆ.

ಹದಿನಾಲ್ಕು ತಿಂಗಳಲ್ಲಿ ನಾವು ಒಂದೇ ಒಂದು ಜಗಳ ಆಡಿಲ್ಲ, ಗಮನಿಸಿದ್ದೀಯಾ? ಜಗಳ ಆಡುವಷ್ಟು ಇಂಗ್ಲಿಷ್ ನನಗೆ ಬರುವುದಿಲ್ಲ. ನಿನಗೆ ಬರುತ್ತದೆ, ಆದರೆ ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲವಲ್ಲ. ಹವೆ ಹೇಗಿದೆ, ಊಟ ಆಯಿತಾ, ಕೆಲಸ ಹೇಗಿದೆ, ಟೇಕ್ ಕೇರ್. ನಿನ್ನನ್ನು ನಗಿಸಲು ನನಗೆ ಬರುತ್ತಿತ್ತು. ಅದೊಂದು ಬಿಟ್ಟರೆ ನನ್ನಲ್ಲಿ ಇನ್ನೇನಿದೆ ಎಂದು ನೀನು ನನ್ನನ್ನು ಮೆಚ್ಚಿದೆ? ಇಂಗ್ಲಿಷಿನಲ್ಲಿ ನಾನು ತೀರಾ ಸಪ್ಪೆ ಮನುಷ್ಯ, ನನಗೇ ಗೊತ್ತಾಗುತ್ತದೆ. ಅಷ್ಟು ದೂರದಿಂದ ವಾರಕ್ಕೊಮ್ಮೆ ಆ ಸಪ್ಪೆ ಮನುಷ್ಯನ ಜೊತೆ ಅರ್ಧ ಗಂಟೆ ಕಳೆಯುತ್ತೀಯಲ್ಲ, ನಿನ್ನ ತಾಳ್ಮೆ ದೊಡ್ಡದು.

ಇನ್ನೊಂದು ಹೇಳಲೇ? ಆ ಭಾಷೆಯಲ್ಲಿ ‘ರೀ’ ಇಲ್ಲ. ಅಲ್ಲಿ ನಾನೂ ಯೂ, ಬಸ್ ಕಂಡಕ್ಟರನೂ ಯೂ.

ಕೆಲಸದ ಜಾಗದಲ್ಲೂ ಮಾತಿಲ್ಲ. ಉಜ್ಜುವ ಮಷೀನಿನ ಸದ್ದಿಗೆ ಮಾಲೀಕರು ಎಲ್ಲರಿಗೂ ಕಿವಿಗೆ ಹಾಕುವ ಬಿರಡೆ ತಂದುಕೊಟ್ಟಿದ್ದಾರೆ. ಮುಖಕ್ಕೆ ಮಾಸ್ಕು ಬೇರೆ. ನನ್ನ ಎದುರಿನ ಕಪಾಟಿನಲ್ಲಿ ಜನರ ಬಾಯಿಯ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಒಣಗುತ್ತಿರುತ್ತವೆ. ಇಡೀ ದಿನ ನಲವತ್ತೈವತ್ತು ಬಾಯಿಗಳ ನಡುವೆ ಕೂತಿರುತ್ತೇನೆ, ಒಂದೂ ಮಾತಾಡುವುದಿಲ್ಲ. ಸಂಜೆ ಮನೆಗೆ ಬಂದರೆ ಅಲ್ಲಿಯೂ ಅದೇ. ಕೆಲವು ದಿನ ನನ್ನ ದನಿಯನ್ನು ನಾನು ಮೊದಲು ಕೇಳುವುದು ಸಂಜೆ ಏಳಕ್ಕೆ, ಟೀಚರಮ್ಮನ ಮನೆಯಲ್ಲಿ ‘ಗುಡ್ ಈವ್ನಿಂಗ್’ ಅನ್ನುವಾಗ.

ಟೀಚರಮ್ಮನ ಬಗ್ಗೆ ನಿನಗೆ ಸರಿಯಾಗಿ ಹೇಳಿಯೇ ಇಲ್ಲ, ಹೇಳುವಷ್ಟು ಇಂಗ್ಲಿಷ್ ಇರಲಿಲ್ಲ. ರಿಟೈರ್ ಆದವರು, ಮನೆಯ ಮುಂದಿನ ಕೋಣೆಯಲ್ಲಿ ಐದು ಕುರ್ಚಿ ಹಾಕಿಕೊಂಡು ಪರೀಕ್ಷೆಗೆ ತಯಾರು ಮಾಡುತ್ತಾರೆ. ಎರಡು ಸಲ ನಾನು ಮಾತಿನ ಭಾಗದಲ್ಲಿ ಅರ್ಧ ಅಂಕಕ್ಕೆ ಬಿದ್ದಾಗಲೂ ಬೈಯಲಿಲ್ಲ. ಆದರೆ ಒಂದು ದಿನ ನಾನು ಉತ್ತರ ಹೇಳುತ್ತಾ ನಡುವೆ ಯೋಚಿಸಲು ನಿಂತದ್ದಕ್ಕೆ ಕನ್ನಡಕ ತೆಗೆದಿಟ್ಟು, “ನಿಜ ಹೇಳಿದ್ರೆ ಮಾರ್ಕ್ಸ್ ಇಲ್ಲಪ್ಪ, ತಡವರಿಸದೆ ಹೇಳಿದ್ರೆ ಮಾರ್ಕ್ಸು,” ಅಂದರು. ಅಂದಿನಿಂದ ಎಲ್ಲದಕ್ಕೂ ಒಂದೊಂದು ಉತ್ತರ ಬರೆದು ಉರು ಹೊಡೆದೆ. ನನಗೆ ಇಷ್ಟವಾದ ಹವ್ಯಾಸ ಈಜು. ನನ್ನ ಬಾಲ್ಯದ ಗೆಳೆಯ ವಿಜ್ಞಾನಿ. ನನ್ನ ಹೆಂಡತಿ ದಯಾಳು, ಶ್ರಮಜೀವಿ, ನಾವು ಎಲ್ಲ ವಿಚಾರಗಳನ್ನೂ ಹಂಚಿಕೊಳ್ಳುತ್ತೇವೆ.

ಅಕ್ಟೋಬರ್ ಕೊನೆಯಲ್ಲಿ ಮೂರನೆಯ ಸಲ ಪರೀಕ್ಷೆಗೆ ಹೋದೆ. ಹೋಗಿ ಬಂದೆ ಎಂದಷ್ಟೇ ನಿನಗೆ ಹೇಳಿದ್ದೆ. ನಡೆದದ್ದು ಕೇಳು. ಬಾಗಿಲಲ್ಲೇ ಗಡಿಯಾರ, ಪರ್ಸು ಎಲ್ಲ ತೆಗೆಸಿ ಬೆರಳಚ್ಚು ಕೇಳಿದರು. ಹದಿನೆಂಟು ವರ್ಷ ಪ್ಲಾಸ್ಟರು, ಮರಳುಕಾಗದ ಉಜ್ಜಿದ ಬೆರಳು, ಮಷೀನು ಒಪ್ಪಲೇ ಇಲ್ಲ. ಮೇಜಿನವಳು ಒದ್ದೆ ಕಾಗದದಲ್ಲಿ ಒರೆಸಿ ಒರೆಸಿ ಹತ್ತೂ ಬೆರಳು ನೋಡಿ, “ನಿಮ್ಮ ಕೈಯಲ್ಲಿ ಗೆರೆನೇ ಇಲ್ವಲ್ಲ,” ಅಂದಳು. ಕೊನೆಗೆ ಎಡಗೈ ಕಿರುಬೆರಳು ನನ್ನ ಮಾನ ಉಳಿಸಿತು.

ಮಾತಿನ ಪರೀಕ್ಷೆಗೆ ಕಿಟಕಿಯಿಲ್ಲದ ಸಣ್ಣ ಕೋಣೆ, ಮೇಜಿನ ಮೇಲೆ ರೆಕಾರ್ಡರು, ಆಚೆ ಕಡೆ ನಿನ್ನ ಅಕ್ಕನ ವಯಸ್ಸಿನ ಒಬ್ಬಾಕೆ. ಅವರು ನಗಬಾರದು, ಹೂಂ ಅನ್ನಬಾರದು, ಅದು ಅವರ ನಿಯಮವಂತೆ. ಚೀಟಿ ಕೊಟ್ಟರು. ನೀವು ಹೆಚ್ಚಾಗಿ ಮಾತಾಡುವ ಒಬ್ಬ ವ್ಯಕ್ತಿಯ ಬಗ್ಗೆ ಎರಡು ನಿಮಿಷ ಹೇಳಿ ಎಂದಿತ್ತು. ಉರು ಹೊಡೆದದ್ದೇ ಬಂತು ಎಂದು ಖುಷಿಯಾಯಿತು. ನನ್ನ ಹೆಂಡತಿ ದಯಾಳು, ಶ್ರಮಜೀವಿ ಎಂದು ಶುರು ಮಾಡಿದೆ. ಎಲ್ಲ ವಿಚಾರಗಳನ್ನೂ ಹಂಚಿಕೊಳ್ಳುತ್ತೇವೆ ಅನ್ನುವಲ್ಲಿಗೆ ಬಂದಾಗ ಬಾಯಿ ಕಟ್ಟಿಹೋಯಿತು. ಆಕೆ ಗಡಿಯಾರ ನೋಡಿದರು. ನನಗೆ ಏನಾಯಿತೋ ಗೊತ್ತಿಲ್ಲ, ಟೀಚರಮ್ಮನನ್ನೂ ವ್ಯಾಕರಣವನ್ನೂ ಮೂಲೆಗೆ ತಳ್ಳಿ, ನೀನು ಜಗಳ ಆಡುವ ರೀತಿ ಹೇಳಲು ಶುರು ಮಾಡಿದೆ. ಕೋಪ ಬಂದಾಗ ನೀನು ಪಾತ್ರೆಗಳ ಜೊತೆ ಮಾತಾಡುವುದು, ಜಗಳದ ನಡುವೆ ನಗು ಬಂದರೆ ಗೋಡೆ ಕಡೆ ತಿರುಗಿಕೊಳ್ಳುವುದು, ಆಸ್ಪತ್ರೆಯಿಂದ ಬಂದು ಕಾಲು ಚಾಚಿಕೊಂಡು ಅವತ್ತಿನ ರೋಗಿಗಳನ್ನೆಲ್ಲ ನಟಿಸಿ ತೋರಿಸುವುದು. ಒಡಕು ಇಂಗ್ಲಿಷು, ಆದರೆ ನಿಲ್ಲಲಿಲ್ಲ. ಎರಡು ನಿಮಿಷ ಮುಗಿಯಿತು, ಥ್ಯಾಂಕ್ ಯೂ ಅಂದರು. ನನಗೆ ಇನ್ನೂ ಹೇಳಬೇಕಿತ್ತು. ಆಕೆ ನಗಲಿಲ್ಲ, ಆದರೆ ಪೆನ್ನು ಕೆಳಗಿಟ್ಟಿದ್ದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಲವತ್ತೆರಡು ವರ್ಷದ ಗಂಡಸು, ಕೈಯಲ್ಲಿ ಪರೀಕ್ಷೆಯ ಪೆನ್ಸಿಲ್ ಹಿಡಿದುಕೊಂಡು. ಹದಿನಾಲ್ಕು ತಿಂಗಳಲ್ಲಿ ನಿನ್ನ ಬಗ್ಗೆ ಮನಬಿಚ್ಚಿ ಮಾತಾಡಿದ್ದು ಆ ಎರಡು ನಿಮಿಷ, ಅದೂ ಯಾರೋ ಪುಣ್ಯಾತ್ಗಿತ್ತಿಯ ಹತ್ತಿರ.

ಊಟದ ಹೊತ್ತು ಮುಗಿಯಿತು, ಮಾಲೀಕರು ಬಾಗಿಲಲ್ಲಿ ಕೆಮ್ಮುತ್ತಿದ್ದಾರೆ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಆ ಮುದುಕ ಮುದುಕಿಯರನ್ನು ಎತ್ತುವಾಗ ಬೆನ್ನಿನ ಮೇಲೆ ನಿಗಾ ಇರಲಿ, ನಿನ್ನ ಬೆನ್ನು ಹೇಳಿಕೇಳಿ ನಾಜೂಕು. ಹೊತ್ತು ಹೊತ್ತಿಗೆ ಉಣ್ಣು. ನೂರು ಕಾಲ ಸುಖವಾಗಿರು, ಯಾವ ಊರಲ್ಲಿದ್ದರೂ.

ನಿನ್ನ
ಹಲ್ಲಿನವನು

ತಾ.ಕ.: ಫಲಿತಾಂಶ ಬಂದಿದೆ. ಈ ತಿಂಗಳ ಏಳಕ್ಕೇ ಬಂತು. ಪಾಸಾಗಿದ್ದೇನೆ, ಮಾತಿನಲ್ಲಿ ಬೇಕಾದ್ದಕ್ಕಿಂತ ಒಂದು ಅಂಕ ಹೆಚ್ಚೇ ಬಂದಿದೆ. ಆಮೇಲಿನ ಮೂರು ಭಾನುವಾರವೂ ನೀನು ರಿಸಲ್ಟ್ ಬಂತಾ ಎಂದು ಕೇಳಿದೆ, ನಾನು ‘ನಾಟ್ ಯೆಟ್’ ಅಂದೆ. ಇಂಗ್ಲಿಷಿನಲ್ಲಿ ನಾನು ತಡವರಿಸದೆ ಹೇಳಿದ ಮೊದಲ ಸುಳ್ಳು ಅದು. ವೀಸಾ ಅರ್ಜಿಯನ್ನೂ ಕಳಿಸಿಲ್ಲ.

ಯಾಕೆಂದರೆ ಫಲಿತಾಂಶದ ಹಿಂದಿನ ಭಾನುವಾರ ನಾನು, ಈ ಸಲವೂ ಫೇಲಾದರೆ ಏನು ಮಾಡೋಣ ಎಂದು ಕೇಳಿದ್ದೆ. ನೀನು ‘ನೋ ಪ್ರಾಬ್ಲಮ್, ಟೇಕ್ ಯುವರ್ ಟೈಮ್’ ಅಂದೆ. ತುಂಬ ಮೃದುವಾಗಿ ಅಂದೆ. ಅದು ಪುಸ್ತಕದ ವಾಕ್ಯವೋ, ನಿನ್ನ ಮನಸ್ಸಿನದೋ ನನಗೆ ತಿಳಿಯಲಿಲ್ಲ. ಅವತ್ತಿನಿಂದ ಕೂತಲ್ಲಿ ನಿಂತಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಹದಿನಾಲ್ಕು ತಿಂಗಳಲ್ಲಿ ನೀನು ಒಂದು ಸಲವೂ ಬೇಗ ಬನ್ನಿ ಅಂದಿಲ್ಲ.

ಅಲ್ಲಿ ನಾನಿಲ್ಲದೆಯೇ ನಿನಗೆ ಚೆನ್ನಾಗಿದ್ದರೆ ನಾನು ಕೋಪ ಮಾಡಿಕೊಳ್ಳುವುದಿಲ್ಲ, ನಿನ್ನ ಮೇಲೆ ಆಣೆ. ಆದರೆ ಉತ್ತರವನ್ನು ಕಾಗದದಲ್ಲಿ ಬರೆ. ಬರಬೇಡಿ ಅನ್ನುವುದಾದರೂ ಕನ್ನಡದಲ್ಲೇ ಅನ್ನು. ಇಂಗ್ಲಿಷಿನಲ್ಲಿ ಅಂದರೆ ಅರ್ಥವಾಗುತ್ತದೆ, ನಂಬಲು ಆಗುವುದಿಲ್ಲ.