ಅರವತ್ತೊಂದನೆಯ ಎಸೆತ

ಮಾರ್ಚ್ ೧೨, ಬುಧವಾರ

ಅಕ್ಕಾ,

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತ ಕಿಟಕಿಯ ಬಳಿ ನಿಂತಿದ್ದಾಗ ನಮ್ಮ ಟೀಮಿನ ಕಡ್ಡಿ ಶಾಲೆಗೆ ಹೋಗುವುದು ಕಂಡಿತು. ಬ್ಯಾಗು ಬಲ ಭುಜದ ಮೇಲಿತ್ತು. ಎರಡು ವಾರದಿಂದ ಎಡಕ್ಕೆ ಹಾಕಿಕೊಂಡು ಒಂದು ಕಡೆ ವಾಲಿಕೊಂಡು ಹೋಗುತ್ತಿದ್ದಳು. ಬಾಯಿ ತುಂಬ ನೊರೆ ಇದ್ದರೂ ನಾನು ನಕ್ಕುಬಿಟ್ಟೆ. "ಒಬ್ಬಳೇ ನಗ್ತಿದ್ದೀಯಲ್ಲೇ, ಹುಷಾರಾಗಿದ್ದೀಯ ತಾನೆ?" ಅಂತ ಅಮ್ಮ ಅಡುಗೆಮನೆಯಿಂದ ಕೇಳಿದಳು. ನಿನಗೆ ಬರೆಯುವ ಧೈರ್ಯ ಬಂದದ್ದು ಆ ಬ್ಯಾಗಿನಿಂದಲೇ.

ತಡವಾಯಿತು, ಬೈದುಕೋ. ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಫೋನಾದರೂ ಮಾಡು ಅಂತ ಬರೆದಿದ್ದೆ. ಫೋನಿನಲ್ಲಿ ನಾನು 'ಹೂಂ', 'ಊಹೂಂ' ಬಿಟ್ಟು ಮೂರನೆಯ ಮಾತು ಆಡಿದ್ದು ಯಾವತ್ತು ಹೇಳು? ಕಾಗದವಾದರೆ ಎದುರಿಗಿರುವವರ ಮುಖ ನೋಡಬೇಕಾಗಿಲ್ಲ.

ಮನೆಯಲ್ಲಿ ಎಲ್ಲ ಸುಖ. ಅಪ್ಪನ ಮಂಡಿನೋವು ಏಣಿ ಹತ್ತುವಾಗ ಮಾತ್ರ ಬರುತ್ತದೆ, ಇಸ್ಪೀಟಿಗೆ ಹೋಗುವಾಗ ಬರುವುದಿಲ್ಲ. ಅಮ್ಮ ನಿನ್ನ ಕೋಣೆಯನ್ನು ದಿನಾ ಗುಡಿಸುತ್ತಾಳೆ. ಆರು ತಿಂಗಳ ತರಬೇತಿಗೆ ಹೋದವಳ ಕೋಣೆಯಲ್ಲಿ ಅದೆಷ್ಟು ಧೂಳು ಇರುತ್ತದೋ ನಾನು ಕಾಣೆ. ನಿನ್ನ ಹಳೆಯ ಟೋಪಿಯನ್ನು ನಾನು ಹಾಕಿಕೊಳ್ಳುತ್ತಿದ್ದೇನೆ. ಕಿವಿಯ ಮೇಲೆ ಕೂರುತ್ತದೆ. ಕೋಚ್ ಅಂತ ಕಾಣಲು ನನ್ನಲ್ಲಿರುವುದು ಅದೊಂದೇ.

ನೀನು ಮಕ್ಕಳ ಬೇಸ್‌ಬಾಲ್ ಟೀಮ್ ಒಪ್ಪಿಸಿ ಹೋದಾಗ ನಾನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕಾಯುತ್ತ ಕೂತ ಸಾಹಿತ್ಯದ ಹುಡುಗಿ ಮೈದಾನದಲ್ಲಿ ಏನು ಮಾಡಬೇಕು? ನನ್ನ ದನಿ ಮೊದಲನೇ ಬೇಸಿನವರೆಗೂ ಹೋಗುವುದಿಲ್ಲ. ಮಕ್ಕಳು ಮೊದಲ ವಾರದಲ್ಲೇ 'ಪಿಸುಮಿಸ್' ಅಂತ ಹೆಸರಿಟ್ಟರು. ಆದರೆ ಈ ಆಟದಲ್ಲಿ ಕೋಚ್ ಬಾಯಿ ಬಿಡದೆ ಸನ್ನೆಯಲ್ಲೇ ಆಡಿಸಬಹುದು ಅಂತ ಗೊತ್ತಾದ ಮೇಲೆ ಜೀವ ಬಂತು. ಟೋಪಿ ಮುಟ್ಟಿದರೆ ನಿಲ್ಲು, ಕಿವಿ ಮುಟ್ಟಿದರೆ ಚೆಂಡನ್ನು ಮೆಲ್ಲಗೆ ತಟ್ಟು, ಮೂಗು ಮುಟ್ಟಿದರೆ ಮುಂದಿನ ಬೇಸಿಗೆ ಓಡು. ಸೆಮಿಫೈನಲ್ಲಿನಲ್ಲಿ ಮೂಗಿನ ಮೇಲೆ ನೊಣ ಕೂತಿತು, ಓಡಿಸಿದೆ. ಹುಟ್ಟಿದಾಗಿನಿಂದ ಓಡದ ನಮ್ಮ ಡುಮ್ಮ ಕಣ್ಣು ಮುಚ್ಚಿಕೊಂಡು ಓಡಿದ! ಅವನು ಓಡುವುದನ್ನು ಕಂಡು ಎದುರು ತಂಡದ ಕ್ಯಾಚರ್ ಚೆಂಡನ್ನೇ ಕೈಬಿಟ್ಟ. "ಏನ್ ತಲೆ ಮೇಡಂ ನಿಮ್ದು" ಅಂತ ಎಲ್ಲರೂ ಹೊಗಳಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಇನ್ನು ನೀನು ಕೇಳಿದ ಪ್ರಶ್ನೆ. "ಫೈನಲ್ಲಿನಲ್ಲಿ ಹದಿನಾಲ್ಕು ಎಸೆತ ಬಾಕಿ ಇರುವಾಗ ಯಾವ ಕೋಚ್ ಚೆಂಡು ಎಸೆಯುತ್ತಿರುವ ತನ್ನ ಪಿಚರನ್ನು ಹೊರಗೆ ತೆಗೆಯುತ್ತಾಳೆ? ಹೆದರಿದೆಯಾ? ಹದಿನೈದನೇ ತಾರೀಕು ಶನಿವಾರದ ಸಭೆಯಲ್ಲಿ ಪೋಷಕರಿಗೆ ಉತ್ತರ ಕೊಡು, ಇಲ್ಲವಾದರೆ ಟೀಮನ್ನು ಬೇಕರಿಯವರಿಗೆ ಒಪ್ಪಿಸು" ಅಂತ ಬರೆದಿದ್ದೀಯ. ನಿನಗೆ ಸುದ್ದಿ ಮುಟ್ಟಿಸಿದವರು ಯಾರೆಂದು ಕೇಳುವುದಿಲ್ಲ. ಬೇಕರಿಯವರೇ ಇರಬೇಕು. ಕಡ್ಡಿಯ ಅಪ್ಪನಲ್ಲವೇ, ಅವರ ಸಂಕಟ ಅವರಿಗೆ.

ನಡೆದದ್ದು ಹೀಗೆ. ಕೊನೆಯ ಇನ್ನಿಂಗ್ಸ್. ನಮಗೆ ನಾಲ್ಕು, ಅವರಿಗೆ ಮೂರು. ಅವರಲ್ಲಿ ಒಬ್ಬ ಔಟಾಗಿದ್ದ, ಇಬ್ಬರು ಬೇಸಿನ ಮೇಲಿದ್ದರು. ಹದಿಮೂರು ವರ್ಷದ ಮಕ್ಕಳು ದಿನಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಎಸೆಯಬಾರದು, ಅವರವರ ಪಿಚರಿನ ಲೆಕ್ಕ ಅವರವರ ತಂಡವೇ ಇಡಬೇಕು. ನಿನಗೆ ನಾನು ಹೇಳಬೇಕೇ? ನಮ್ಮ ಪುಸ್ತಕ ಹಿಡಿದು ಕೂತಿದ್ದವಳು ಡುಮ್ಮನ ತಂಗಿ ಗುಬ್ಬಿ. ಹತ್ತು ವರ್ಷ, ಆಡಲು ಇನ್ನೂ ಚಿಕ್ಕವಳು. ಪ್ರತಿ ಎಸೆತಕ್ಕೂ ಒಂದು ಗೆರೆ ಎಳೆಯುವುದು ಅವಳ ಕೆಲಸ.

ಕಡ್ಡಿಯ ಮೊಣಕೈ ಇಳಿದಿತ್ತು. ಎಸೆದ ಮೇಲೆ ಮೂಗು ಒರೆಸಲು ಎಡಗೈ ಬಳಸುತ್ತಿದ್ದಳು. ನಾನು ಬೆಂಚಿನ ಕಡೆ ಬಾಗಿ "ಎಷ್ಟಾಯ್ತು ಗುಬ್ಬಿ?" ಅಂದೆ. "ಅರವತ್ತೊಂದು ಮಿಸ್" ಅಂದಳು, ತಲೆ ಎತ್ತದೆ, ಪುಸ್ತಕವನ್ನೂ ನೋಡದೆ. ಹಾಗೆ ಥಟ್ಟನೆ ಉತ್ತರ ಬರುವುದು ಪೂರ್ತಿ ಗೊತ್ತಿದ್ದಾಗ, ಇಲ್ಲವೇ ಏನೂ ಗೊತ್ತಿಲ್ಲದಾಗ. ಇಣುಕಿ ನೋಡಿದೆ. ಹಾಳೆಯ ಅಂಚಿನಲ್ಲಿ ಒಂದು ಬೆಕ್ಕು ಕೂತಿತ್ತು. ಮೀಸೆಯ ಒಂದೊಂದು ಕೂದಲೂ ಬಿಡದೆ ಬರೆದಿದ್ದಳು. ಬಾಲಕ್ಕೆ ಪಟ್ಟೆಯನ್ನೂ ಹಾಕಿದ್ದಳು. ಅಂಥ ಬೆಕ್ಕು ಒಂದು ನಿಮಿಷದಲ್ಲಿ ಆಗುವಂಥದಲ್ಲ.

ನಾನು ಅಂಪೈರಿಗೆ ಕೈ ಎತ್ತಿದೆ. ಕಡ್ಡಿಯನ್ನು ಕರೆದು ಡುಮ್ಮನನ್ನು ಕಳಿಸಿದೆ. "ಮಿಸ್, ನಂಗೇನೂ ಆಗಿಲ್ಲ" ಅಂದಳು ಕಡ್ಡಿ. ಬೇಲಿಯ ಹಿಂದಿನಿಂದ ಬೇಕರಿಯವರು ಕೂಗಿದರು: "ಇನ್ನೂ ಹದಿನಾಲ್ಕಿದೆ ಕಣಮ್ಮಾ, ಲೆಕ್ಕ ಬರಲ್ವಾ?" ಹಿಂದೆ ಯಾರೋ, "ಕವಿತೆ ಓದೋರ ಕೈಗೆ ಬ್ಯಾಟ್ ಕೊಟ್ರೆ ಇಷ್ಟೇ" ಅಂದರು. ನಕ್ಕರು. ಡುಮ್ಮನ ಎರಡನೆಯ ಎಸೆತವನ್ನೇ ಎದುರು ತಂಡದವರು ಗೋಡೆಯವರೆಗೆ ಹೊಡೆದರು. ಬೇಸಿನ ಮೇಲಿದ್ದ ಇಬ್ಬರೂ ಓಡಿಬಂದು ಹೋಮ್ ಬೇಸ್ ಮುಟ್ಟಿದರು, ಅವರಿಗೆ ಐದಾಯಿತು. ಮುಗಿಯಿತು.

ಯಾಕೆ ತೆಗೆದಿರಿ ಅಂತ ಬೇಕರಿಯವರು ಎಲ್ಲರೆದುರು ಮೂರು ಸಲ ಕೇಳಿದರು. "ನನಗೆ ಹಾಗನ್ನಿಸಿತು" ಅಂದೆ. ಬೇರೇನು ಹೇಳಲಿ? ಪುಸ್ತಕದ ಲೆಕ್ಕ ನಂಬುವಂತಿರಲಿಲ್ಲ ಅಂದರೆ ಎಲ್ಲರ ಕಣ್ಣೂ ಗುಬ್ಬಿಯ ಕಡೆ ತಿರುಗುತ್ತಿತ್ತು. ಅವಳು ಆಗಲೇ ಬೆಂಚಿನ ಕೆಳಗೆ ಕಾಲು ಮಡಚಿಕೊಂಡು ರಬ್ಬರಿನಿಂದ ಬೆಕ್ಕನ್ನು ಅಳಿಸುತ್ತಿದ್ದಳು. ಬಾಲ ಇನ್ನೂ ಉಳಿದಿತ್ತು. ನಾನು ಪುಸ್ತಕ ಇಸಿದುಕೊಂಡು ಚೀಲದಲ್ಲಿ ಹಾಕಿಕೊಂಡೆ.

ಅವತ್ತಿನಿಂದ ಕಡ್ಡಿ ನನ್ನನ್ನು ಕಂಡರೆ ರಸ್ತೆಯ ಆ ಕಡೆಗೆ ಹೋಗುತ್ತಾಳೆ. ಬೇಕರಿಯವರು ಬ್ರೆಡ್ಡು ಕೊಡುವಾಗ ಚಿಲ್ಲರೆಯನ್ನು ಕೈಗೆ ಕೊಡದೆ ಗಾಜಿನ ಮೇಲೆ ಇಡುತ್ತಾರೆ. ನನ್ನನ್ನು ಕೋಚ್ ಕೆಲಸದಿಂದ ತೆಗೆಯಬೇಕೆಂದು ಹತ್ತು ಜನರ ಸಹಿ ಹಾಕಿಸಿದ್ದಾರಂತೆ.

ಇನ್ನೊಂದು ವಿಷಯ ಹೇಳಬೇಕು. ಕೋಪ ಮಾಡಿಕೊಳ್ಳಬೇಡ ಅನ್ನುವುದಿಲ್ಲ, ಮಾಡಿಕೊಂಡೇ ಓದು. ಹೋಗುವ ಮುಂಚೆ ನೀನು ಒಂದೇ ಒಂದು ಕಟ್ಟಳೆ ಹಾಕಿದ್ದೆ: 'ಆ ಮನುಷ್ಯನನ್ನು ಮೈದಾನದ ಹತ್ತಿರ ಸೇರಿಸಬೇಡ.' ಬ್ಯಾಗ್ ರಿಪೇರಿ ಮೇಷ್ಟ್ರನ್ನು ನಾನು ಮೈದಾನಕ್ಕೆ ಸೇರಿಸಿಲ್ಲ. ಆದರೆ ಹರಿದ ಗ್ಲೌಸುಗಳನ್ನು ಅವರ ಅಂಗಡಿಗೇ ಕೊಡುತ್ತಿದ್ದೇನೆ. ಊರಿನಲ್ಲಿ ಆ ಚರ್ಮಕ್ಕೆ ದಾರ ಹಾಕಲು ಬರುವುದು ಅವರೊಬ್ಬರಿಗೇ. ಹನ್ನೆರಡು ವರ್ಷದ ಹಿಂದೆ ನಿನಗೆ ಆಟ ಕಲಿಸಿದವರು, ಹದಿನೈದರ ವಯಸ್ಸಿನಲ್ಲಿ ನಿನ್ನ ತೋಳು ಮುರಿದವರು ಅಂತ ನಮ್ಮ ಮನೆಯಲ್ಲಿ ಹೆಸರಾದವರು. ಗೆಲ್ಲುವ ಆಸೆಗೆ ಸುಳ್ಳು ಲೆಕ್ಕ ಬರೆದು ನಿನ್ನ ಕೈಯಿಂದ ಎಸೆಸಿದರು ಅಂತ ಅಪ್ಪ ಅವರ ಕೈಯಿಂದ ಟೀಮ್ ಬಿಡಿಸಿದ್ದು. ಇವತ್ತಿಗೂ ನಿನ್ನ ಬಲಗೈ ಕಿವಿಯಿಂದ ಮೇಲೆ ಏಳುವುದಿಲ್ಲ. ನೀನು ತಲೆ ಬಾಚಿಕೊಳ್ಳುವಾಗ ನಾನು ಬೇರೆ ಕಡೆ ನೋಡುತ್ತೇನೆ.

ಫೈನಲ್ಲಿನ ಮರುದಿನ ಗ್ಲೌಸು ತರಲು ಹೋಗಿದ್ದೆ. ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು, ತಲೆಯ ಮೇಲೆ ಜಿಪ್ಪುಗಳು ನೇತಾಡುತ್ತಿರುತ್ತವೆ. ಮೇಷ್ಟ್ರು ಸೂಜಿಗೆ ಮೇಣ ಸವರುತ್ತ, ನನ್ನ ಮುಖ ನೋಡದೆ ಹೇಳಿದರು:

"ಎಪ್ಪತ್ತೆಂಟು."

"ಏನು ಮೇಷ್ಟ್ರೇ?"

"ನಿನ್ನೆ ಆ ಹುಡುಗಿ ಎಸೆದದ್ದು. ಬೇಲಿ ಆಚೆ ನಿಂತ್ಕೊಂಡು ಎಣಿಸ್ತಿದ್ದೆ. ಯಾವ ಮ್ಯಾಚಾದ್ರೂ ಎಣಿಸ್ತೀನಿ, ಚಟ ಆಗ್ಬಿಟ್ಟಿದೆ. ನೀವು ತೆಗೆದದ್ದು ಮೂರು ಎಸೆತ ತಡವಾಗಿ."

ನನಗೆ ಕೂರಲು ಜಾಗ ಇರಲಿಲ್ಲ. ಇದ್ದಿದ್ದರೆ ಕೂರುತ್ತಿದ್ದೆ. ಅವರು ಗ್ಲೌಸನ್ನು ತಿರುಗಿಸಿ, ಹೊಲಿಗೆ ಎಳೆದು ನೋಡಿ, ಕೊಟ್ಟರು. ಮೆಟ್ಟಿಲು ಹತ್ತುತ್ತಿದ್ದವಳನ್ನು ಮತ್ತೆ ಕರೆದರು.

"ನೋಡಮ್ಮಾ, ಪುಸ್ತಕ ಬರೆಯೋ ಮಗುವಿಗೆ ಏನೂ ಅನ್ನಬೇಡಿ. ಲೆಕ್ಕ ಕೋಚಿನ ಜವಾಬ್ದಾರಿ."

"ಅಂದಿಲ್ಲ ಮೇಷ್ಟ್ರೇ" ಅಂದೆ.

"ಗೊತ್ತು" ಅಂದರು. "ಹೇಳಿದೆ ಅಷ್ಟೆ."

ಅದಾದ ಮೇಲೆ ಅಭ್ಯಾಸದ ದಿನಗಳಲ್ಲಿ ನಾನು ಗುಬ್ಬಿಯ ಪಕ್ಕದಲ್ಲೇ ಕೂರುತ್ತೇನೆ. ಅವಳು ಗೆರೆ ಎಳೆಯುತ್ತಾಳೆ, ನಾನು ಬೆರಳು ಮಡಚುತ್ತೇನೆ, ಹತ್ತಕ್ಕೊಮ್ಮೆ ತಾಳೆ ನೋಡುತ್ತೇವೆ. ಬೆಕ್ಕು ಬರೆಯಲು ಬೇರೊಂದು ನೋಟುಪುಸ್ತಕ ಕೊಡಿಸಿದ್ದೇನೆ. ಮೊನ್ನೆ ಅದರಲ್ಲಿ ನನ್ನನ್ನು ಬರೆದಿದ್ದಳು. ಟೋಪಿ, ಟೋಪಿಯ ಕೆಳಗೆ ಎರಡು ಕಿವಿ. ಬಾಯಿ ಬರೆದಿರಲಿಲ್ಲ. "ಬಾಯಿ ಎಲ್ಲೇ?" ಅಂದೆ. "ಯಾವಾಗ್ಲೂ ಇರಲ್ವಲ್ಲ ಮಿಸ್" ಅಂದಳು.

ನಿನ್ನ ಪ್ರಶ್ನೆಗೆ ಇದೇ ಉತ್ತರ. ನಾನು ಹೆದರಿದ್ದು ನಿಜ. ಸೋಲಿಗೆ ಹೆದರಲಿಲ್ಲ.

ಪರೀಕ್ಷೆಗೆ ಓದಿಕೋ. ಹಾಸ್ಟೆಲಿನ ಹಾಸಿಗೆ ಇನ್ನಾದರೂ ಮೆತ್ತಗಾಗಲಿ, ನಿನ್ನ ಕೋಣೆಯವಳ ಗೊರಕೆ ಅರ್ಧಕ್ಕೆ ಇಳಿಯಲಿ. ಸಂಜೆಯ ಹೊತ್ತು ಭುಜಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ದೊಡ್ಡವಳು ನೀನು, ಹರಸಬೇಕಾದವಳೂ ನೀನೇ. ಆದರೂ ಈ ಸಲ ನಾನೇ ಹೇಳುತ್ತೇನೆ, ಚೆನ್ನಾಗಿರು.

ನಿನ್ನ
ಇಲಿಮರಿ

ವಿ.ಸೂ.: ಸಹಿ ಹಾಕಿ, ಕಾಗದ ಮಡಚಿ, ಲಕೋಟೆಗೆ ಅಂಟು ಸವರಲು ಹೋದೆ. ಆಗಲಿಲ್ಲ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಇಲ್ಲ.

ಹನ್ನೆರಡು ವರ್ಷದ ಹಿಂದೆ, ನಿನ್ನ ಕೊನೆಯ ಆಟದ ದಿನ, ಪುಸ್ತಕ ಬರೆಯಲು ಕೂತಿದ್ದವಳು ನಾನು. ನಿನಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ನೀನು ಮೈದಾನದ ನಡುವೆ ಇದ್ದೆ, ಅಪ್ಪ ಕೆಲಸದಲ್ಲಿದ್ದರು. ಯಾವಾಗಲೂ ಬರೆಯುತ್ತಿದ್ದ ಹುಡುಗ ಅವತ್ತು ಬಂದಿರಲಿಲ್ಲ. 'ಈ ಮಗು ಗಲಾಟೆ ಮಾಡದೆ ಕೂರುತ್ತೆ' ಅಂತ ಮೇಷ್ಟ್ರು ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟರು. ಪುಸ್ತಕದ ಕೆಳಗೆ ನನ್ನ ತೊಡೆಯ ಮೇಲೆ ಗ್ರಂಥಾಲಯದಿಂದ ತಂದ ಕಥೆ ಪುಸ್ತಕವಿತ್ತು. ಒಂದು ಪುಟ ಓದಿ ಮುಚ್ಚುತ್ತೇನೆ ಅಂದುಕೊಂಡೆ. ಎರಡು ಇನ್ನಿಂಗ್ಸ್ ಪೂರ್ತಿ ನಾನು ಆ ಮೈದಾನದಲ್ಲೇ ಇರಲಿಲ್ಲ ಅಕ್ಕಾ. ತಲೆ ಎತ್ತಿದಾಗ ಭಯವಾಗಿ, ಕೈಗೆ ಬಂದಷ್ಟು ಗೆರೆ ಎಳೆದೆ. ಮೇಷ್ಟ್ರು "ಎಷ್ಟಾಯ್ತು ಮಗು?" ಅಂದರು. "ಐವತ್ತೆರಡು" ಅಂದೆ. "ಸರಿಯಾಗಿ ನೋಡಿ ಹೇಳು" ಅಂದರು. ನೋಡದೆಯೇ ಮತ್ತೆ "ಐವತ್ತೆರಡು" ಅಂದೆ. ನೀನು ಕೊನೆಯವರೆಗೆ ಎಸೆದೆ. ಗೆದ್ದೆ. ಮೂರನೆಯ ದಿನ ನಿನ್ನ ಕೈಯಲ್ಲಿ ಬಾಚಣಿಗೆ ನಿಲ್ಲಲಿಲ್ಲ.

ಅಪ್ಪ ಅಂಗಡಿಗೆ ಹೋಗಿ ಜಗಳವಾಡಿದಾಗ ನಾನು ಅವರ ಅಂಗಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. "ಈ ಲೆಕ್ಕ ಬರೆದೋರು ಯಾರ್ರೀ?" ಅಂತ ಅಪ್ಪ ಪುಸ್ತಕ ಬೀಸಿದರು. ಮೇಷ್ಟ್ರು, "ಲೆಕ್ಕ ನನ್ನ ಜವಾಬ್ದಾರಿ ಸ್ವಾಮಿ" ಅಂದರು, ಅಷ್ಟೇ. ನನ್ನ ಕಡೆ ಒಮ್ಮೆ ನೋಡಲೂ ಇಲ್ಲ. ನೋಡಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ. ಹಾಗಂದುಕೊಂಡು ಇಷ್ಟು ವರ್ಷ ಕಳೆದಿದ್ದೇನೆ.

ನಿನ್ನೆ ಸಂಜೆ ಅವರ ಅಂಗಡಿಗೆ ಹೋಗಿ, ಶನಿವಾರದ ಸಭೆಗೆ ಬರಬೇಕು ಅಂತ ಕರೆದು ಬಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಅಪ್ಪನಿಗೂ ಮುಂದಿನ ಸಾಲಿನಲ್ಲಿ ಕೂರಲು ಹೇಳಿದ್ದೇನೆ. ಎದ್ದು ನಿಂತು ಎಲ್ಲರೆದುರು ಇದನ್ನೆಲ್ಲ ಹೇಳುತ್ತೇನೆ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ. ಗುಬ್ಬಿಯ ಹೆಸರೊಂದನ್ನು ಬಿಟ್ಟು. ಆಮೇಲೆ ಟೀಮನ್ನು ಯಾರಿಗಾದರೂ ಕೊಡಲಿ.

ಈ ಪತ್ರ ನಿನ್ನ ಕೈ ಸೇರುವುದು ಸೋಮವಾರ. ನಿನಗೆ ಮೊದಲು ತಿಳಿಸಿ, ನಿನ್ನ ಉತ್ತರ ಬಂದ ಮೇಲೆ ಹೇಳಬಹುದಿತ್ತು. ಆದರೆ ನಿನ್ನನ್ನು ನಾನು ಬಲ್ಲೆ. ನೀನು ಕ್ಷಮಿಸಿಬಿಡುತ್ತೀಯ, ಆಮೇಲೆ ನಾನು ಹೇಳದೆಯೇ ಉಳಿದುಬಿಡುತ್ತೇನೆ. ಅದಕ್ಕೇ ಸೋಮವಾರದವರೆಗೆ ಕಾಯುವುದಿಲ್ಲ.