ಕೋರೆಹಲ್ಲು ವಾಪಸ್ಸು ಕಳಿಸುವ ವಿಚಾರ

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ
ನಾಟಕ ಕಂಪನಿಯ ಮೇಕಪ್ ಕೋಣೆಯಿಂದ

ಮುಖ ಊದಿಸಿಕೊಂಡು ಕೂತಿರುವ ನನ್ನ ಮಗಳಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಎಡಗಡೆಯ ಒಂದು ದವಡೆ ಹಲ್ಲನ್ನು ಬಿಟ್ಟರೆ. ಅದರ ವಿಷಯ ಈಗ ಬೇಡ.

ನಿನ್ನ ಕಾರ್ಡು ಬಂದು ಹತ್ತು ದಿನವಾಯಿತು. ಎರಡೇ ಸಾಲು. ಯಾಕೆ ಹಾಗೆ ಮಾಡಿದೆ ಅಂತ ಸುಳ್ಳು ಸೇರಿಸದೆ ಬರಿ, ಆಮೇಲೆ ಶುಕ್ರವಾರ ರಿಜಿಸ್ಟರ್ ಆಫೀಸಿಗೆ ನೀನು ಬರೋದು ಬಿಡೋದು ಹೇಳ್ತೀನಿ ಅಂತ. ಹೆತ್ತ ತಾಯಿಗೆ ಮಗಳ ಮದುವೆಗೆ ಬರಲು ಪರೀಕ್ಷೆ. ಇರಲಿ, ಬರೆಯುತ್ತೇನೆ. ಅದಕ್ಕೂ ಮೊದಲು ಒಂದು ತುರ್ತು ವಿಚಾರ. ನಮ್ಮ ಕಂಪನಿಯ ಕೋರೆಹಲ್ಲು ನಿನ್ನ ಡಾಕ್ಟರ ಬಾಯಲ್ಲೇ ಹೋಗಿಬಿಟ್ಟಿದೆ. ಈ ಶನಿವಾರ ಮತ್ತೆ ನಾಟಕವಿದೆ. ಕಂಪನಿ ಯಜಮಾನರು ದಿನಕ್ಕೆರಡು ಸಲ ಕೇಳುತ್ತಾರೆ. ದಯವಿಟ್ಟು ವಾಪಸ್ಸು ಕಳಿಸು.

ಇನ್ನು ಆ ದಿನದ ಸಂಗತಿ. ಪರದೆ ಏಳಲು ಅರ್ಧ ಗಂಟೆ ಇತ್ತು. ಅದೇ ಹಳೆಯ ನಾಟಕ, ನನ್ನ ಗುರುಗಳ ಕಾಲದಿಂದ ಆಡುತ್ತಾ ಬಂದಿರುವುದು: ಒಬ್ಬ ಒಳ್ಳೆಯ ರಾಜ, ಒಬ್ಬಳು ರಾಜಕುಮಾರಿ, ಅವಳನ್ನು ಹೊತ್ತೊಯ್ಯುವ ಕಾಡಿನ ದೊರೆ. ಕಾಡಿನ ದೊರೆಯ ಪಾತ್ರ ಮಾಡುವ ನಮ್ಮ ಗುಡುಗಣ್ಣ ಇನ್ನೂ ಬಂದಿರಲಿಲ್ಲ. ಬಸ್ಸು ಕೆಟ್ಟಿದೆ, ನಾನು ಬರೋದು ಆಗದಿದ್ರೆ ನನ್ನ ಸ್ನೇಹಿತ ಬರ್ತಾನೆ, ಅವನಿಗೂ ಮಾತು ಬಾಯಿಪಾಠ ಎಂದು ಫೋನು ಮಾಡಿದ್ದ. ನಾನು ರಾಜಕುಮಾರಿಯ ಹುಬ್ಬು ತಿದ್ದುತ್ತಿದ್ದೆ. ಕನ್ನಡಿಯಲ್ಲಿ ನೋಡುತ್ತೇನೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ, ಕಪ್ಪನೆಯ ಒಬ್ಬ ಮನುಷ್ಯ ಕೈಯಲ್ಲಿ ಒಂದು ಪೊಟ್ಟಣ ಹಿಡಿದು ನಿಂತಿದ್ದಾನೆ. ಸ್ನೇಹಿತನೇ ಬಂದ, ಪಾಪ, ಮನೆಯಲ್ಲೇ ಬಣ್ಣ ಹಾಕಿಕೊಂಡು ಬಂದಿದ್ದಾನೆ ಎಂದುಕೊಂಡೆ.

ಇಷ್ಟು ಹೊತ್ತಿಗಾ ಬರೋದು, ಕೂತ್ಕೊ, ಬಾಯಿ ತೆಗಿ ಎಂದೆ. ಕೂತ. ಬಾಯಿ ತೆಗೆದ. ಅಲ್ಲಮ್ಮಾ, ಯಾವ ಮನುಷ್ಯ ಹಾಗೆ ಹೇಳಿದ ತಕ್ಷಣ ಬಾಯಿ ತೆಗೆಯುತ್ತಾನೆ? ಹಲ್ಲಿನ ಡಾಕ್ಟರು ದಿನವಿಡೀ ಊರವರಿಗೆಲ್ಲ ಹೇಳುವ ಮಾತನ್ನು ಯಾರಾದರೂ ತನಗೆ ಹೇಳಲಿ ಎಂದು ಕಾಯುತ್ತಿದ್ದನೋ ಏನೋ. ಅಮ್ಮ ಏನು ಹೇಳಿದ್ರೂ ಎದುರಾಡಬೇಡ, ಹೂಂ ಅನ್ನು ಎಂದು ನೀನೇ ಪಾಠ ಹೇಳಿ ಕಳಿಸಿ, ಗಾಡಿ ನಿಲ್ಲಿಸಲು ಹೋಗಿದ್ದೆಯಂತೆ. ನಾನು ಕೋರೆಹಲ್ಲಿಗೆ ಅಂಟು ಹಚ್ಚಿ ಕೂರಿಸಿದೆ. ಅದಕ್ಕೂ ಹೂಂ.

ಆಮೇಲೆ ಬಣ್ಣ ನೋಡಿದೆ. ನಮ್ಮ ಡಬ್ಬಿಗಳು ನಿನಗೆ ಗೊತ್ತಲ್ಲ, ಚಿಕ್ಕವಳಿದ್ದಾಗ ಸಾಲಾಗಿ ಜೋಡಿಸಿ ಆಡುತ್ತಿದ್ದೆ. ಒಂದು ರಾಜನಿಗೆ, ಎರಡು ರಾಜಕುಮಾರಿಗೆ. ಏಳು ಮೋಸಗಾರ ಪರದೇಶಿ ವ್ಯಾಪಾರಿಗೆ, ಅದರ ಜೊತೆ ಮೇಣದ ಉದ್ದ ಮೂಗು. ಎಂಟು ಪೆದ್ದ ಆಳಿಗೆ. ಒಂಬತ್ತು, ಆ ಮಸಿಗಪ್ಪು, ಕಾಡಿನ ದೊರೆಗೆ, ಕಳ್ಳನಿಗೆ, ಕೊಲೆಗಡುಕನಿಗೆ. ಪಾತ್ರ ಬಾಯಿ ಬಿಡುವ ಮೊದಲೇ ಯಾರು ಒಳ್ಳೆಯವರು ಯಾರು ಕೆಟ್ಟವರು ಎಂದು ಕೊನೆಯ ಸಾಲಿನವನಿಗೂ ತಿಳಿಯಬೇಕು, ಅದೇ ನಮ್ಮ ವಿದ್ಯೆ ಎನ್ನುತ್ತಿದ್ದರು ಗುರುಗಳು. ಇವನ ಬಣ್ಣ ಒಂಬತ್ತನೇ ಡಬ್ಬಿಯದಲ್ಲ. ಆದರೆ ಕಿವಿಯ ಹಿಂದೆ, ಕತ್ತಿನ ಕೆಳಗೆ, ಉಗುರಿನ ಅಂಚಿನವರೆಗೆ ಒಂದು ಚೂರೂ ಬಿಟ್ಟುಹೋಗಿಲ್ಲ. ಎಂಥ ಕೆಲಸಗಾರನಪ್ಪಾ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ ಕೂಡ. ಮೆಚ್ಚಿಕೊಂಡು, ಆದರೂ ನಮ್ಮ ಡಬ್ಬಿಯದೇ ಬಳಿಯಬೇಕಲ್ಲ ಎಂದು ಎಣ್ಣೆ ಬಟ್ಟೆ ತೆಗೆದು ಹಣೆ ಒರೆಸಿದೆ. ಹೋಗಲಿಲ್ಲ. ಇನ್ನೊಮ್ಮೆ ಒತ್ತಿ ಒರೆಸಿದೆ. ಅವನು ಏನೋ ಹೇಳಿದ, ಕೋರೆಹಲ್ಲಿನಿಂದಾಗಿ ನನಗೆ ಅರ್ಥವಾಗಲಿಲ್ಲ. ಮೂರನೇ ಸಲ ಒರೆಸುವಾಗ ನೀನು ಬಂದೆ.

ಏನಮ್ಮಾ ಮಾಡ್ತಿದ್ದೀಯ ಎಂದು ನೀನು ಕೇಳಿದ್ದಕ್ಕೆ, ಬಣ್ಣ ತೆಗೀತಿದ್ದೀನಿ ಎಂದೆ. ಉಳಿದದ್ದು ನಿನಗೂ ಗೊತ್ತು, ಇಡೀ ಕಂಪನಿಗೂ ಗೊತ್ತು. ನೀನು ಅವನ ಕೈ ಹಿಡಿದು ಎಳೆದುಕೊಂಡು ಹೋದೆ. ಅವನಾದರೋ ಬಾಗಿಲಲ್ಲಿ ತಿರುಗಿ, ಹೋಗಿ ಬರ್ತೀನಿ ಅಮ್ಮ ಎಂದು ಕೋರೆಹಲ್ಲು ಕಾಣುವಂತೆ ನಕ್ಕ. ಎದುರಿಗೆ ಬಂದ ಟಿಕೇಟಿನ ಮುದುಕಪ್ಪ ಪುಸ್ತಕ ಕೈಬಿಟ್ಟು ಗೋಡೆಗೆ ಒರಗಿದ.

ಬಲ್ಬು ಮಂಕಾಗಿತ್ತು. ನನ್ನ ಕನ್ನಡಕ ರಾಜಕುಮಾರಿಯ ಮಡಿಲಲ್ಲಿತ್ತು. ನೀನೂ ಫೋನಿನಲ್ಲಿ ಹಲ್ಲಿನ ಡಾಕ್ಟರು, ಕಡಲಾಚೆಯವನು, ಎತ್ತರ, ತುಂಬಾ ತಾಳ್ಮೆ ಎಂದೆಯೇ ಹೊರತು ಬೇರೇನೂ ಹೇಳಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತೀಯ, ಗೊತ್ತು. ನೀನು ಮೊದಲೇ ಹೇಳಿದ್ದರೆ ನಾನೇನು ಮಾಡುತ್ತಿದ್ದೆ ಎಂದು ನಾನೂ ಯೋಚಿಸಿದೆ. ಎಷ್ಟನೇ ಡಬ್ಬಿ ಎಂದು ಕೇಳುತ್ತಿದ್ದೆ.

ಆ ಸಂಜೆ ನಾಟಕ ನಿಲ್ಲಲಿಲ್ಲ. ಗುಡುಗಣ್ಣ ಏದುಸಿರು ಬಿಡುತ್ತಾ ತಾನೇ ಬಂದ, ಮಸಿ ಬಳಿದೆ, ಹಲ್ಲಿಲ್ಲದೆ ರಂಗಕ್ಕೆ ತಳ್ಳಿದೆ. ಆಗ ನಡೆಯಿತು ನೋಡು ತಮಾಷೆ. ಎರಡನೇ ಅಂಕದಲ್ಲಿ ಕಾಡಿನ ದೊರೆಗೆ ಒಂದು ಮಾತಿದೆ. ಇಪ್ಪತ್ತು ವರ್ಷದಿಂದ ಕೋರೆಹಲ್ಲಿನ ಹಿಂದೆ ಅದು ಬರಿಯ ಗುರುಗುರು ಸದ್ದು, ಜನ ಹೆದರಿ ಕೂಗುವುದು, ಅಷ್ಟೇ. ಈ ಸಲ ಸ್ಪಷ್ಟವಾಗಿ ಕೇಳಿಸಿತು: ನನ್ನ ಕಾಡಿಗೆ ನೀನು ಬಂದೆ, ನನ್ನ ಮರ ನೀನು ಕಡಿದೆ, ಈಗ ನನ್ನನ್ನು ಕಂಡು ನೀನೇ ಹೆದರಿದೆನೆನ್ನುವೆಯಾ. ಹೆದರಿ ಕೂಗಬೇಕಾದ ಜನ ಕತ್ತು ಮುಂದೆ ಚಾಚಿದರು. ರಾಜ ತನ್ನ ಪಾಠದಂತೆ, ಬಾಯಿ ಮುಚ್ಚು ಮೃಗವೇ ಎಂದ. ಹಿಂದಿನ ಸಾಲಿನಿಂದ ಯಾರೋ, ಅವನು ಕೇಳಿದ್ದಕ್ಕೆ ಮೊದಲು ಉತ್ತರ ಕೊಡು ಎಂದು ಕೂಗಿದರು. ಚಪ್ಪಾಳೆಯೆಲ್ಲ ಗುಡುಗಣ್ಣನಿಗೆ. ರಾಜ ಅಂದಿನಿಂದ ಮುನಿಸಿಕೊಂಡಿದ್ದಾನೆ, ಯಜಮಾನರ ಕಿವಿ ಊದಿ ಕೋರೆಹಲ್ಲು ಬೇಕೆಂದು ಕೇಳಿಸುತ್ತಿರುವವನೂ ಅವನೇ.

ನನಗೂ ಆ ಮಾತು ಬಾಯಿಪಾಠವಾಗಿತ್ತು, ತಲೆಗೆ ಹೋಗಿರಲಿಲ್ಲ. ಮಾರನೆಯ ದಿನ ಪ್ರಾಂಪ್ಟರ್ ಅಜ್ಜನ ಪೆಟ್ಟಿಗೆಯಿಂದ ಮೂಲ ಹಸ್ತಪ್ರತಿ ತೆಗೆಸಿ ಓದಿದೆ. ಹುಳ ತಿಂದದ್ದು ಬಿಟ್ಟು ಒಂದಕ್ಷರವೂ ಬಿಡಲಿಲ್ಲ. ಕಾಡಿನ ದೊರೆ ಪ್ರವೇಶಿಸುತ್ತಾನೆ ಎಂದಿದೆ. ಕಪ್ಪು ಎಂದಿಲ್ಲ. ಕೋರೆಹಲ್ಲು ಎಂದಿಲ್ಲ. ವ್ಯಾಪಾರಿಯೇನೋ ಬರೆದವನ ಕೈಯಲ್ಲೇ ಮೋಸಗಾರ, ಅದರಲ್ಲಿ ನಮ್ಮ ತಪ್ಪಿಲ್ಲ. ಆದರೆ ಆ ಮೂಗು ನಮ್ಮದು. ಬರೆದವನು ಒಂದು ಪಾಲು ಇಟ್ಟರೆ ನಾವು ಡಬ್ಬಿಯಿಂದ ಮೂರು ಪಾಲು ಬಳಿದಿದ್ದೇವೆ. ಇದ್ಯಾಕಜ್ಜಾ ಹೀಗೆ ಎಂದರೆ ಅಜ್ಜ, ನಿನ್ನ ಗುರು ಹಾಕ್ತಿದ್ದ, ನೀನು ಹಾಕಿದೆ, ನನ್ನ ಯಾಕೆ ಕೇಳ್ತೀಯ ಎಂದು ಪೆಟ್ಟಿಗೆ ಮುಚ್ಚಿದ.

ಹಳೆಯ ನಾಟಕ, ಹಳೆಯ ಕಾಲ, ಈಗ ಯಾರು ಹಾಗೆ ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅಷ್ಟರಲ್ಲಿ ಹೋದ ವಾರ ಒಂದು ಕಡೆ ಹೋಗಿದ್ದೆ. ಎಲ್ಲಿ ಎಂದು ಕೇಳಬೇಡ. ಗೋಡೆಗೆ ತಾಗಿಸಿದ ಕುರ್ಚಿಗಳು, ಕಾಯುವ ಐದಾರು ಜನ. ಒಳಗಿನಿಂದ ಬಿಳಿ ಕೋಟು ಹಾಕಿದವರೊಬ್ಬರು ಬಂದು, ಮುಂದಿನವರು ಬನ್ನಿ ಎಂದರು. ಯಾರು ಎಂದೂ ಕೇಳಬೇಡ. ನನ್ನ ಪಕ್ಕದಲ್ಲಿದ್ದ ಹೆಂಗಸು ತಲೆಯೆತ್ತಿ ನೋಡಿ, ಏನಪ್ಪಾ, ಡಾಕ್ಟ್ರು ಬಂದ್ರಾ, ಬರೋವರೆಗೆ ಈ ಕಸದ ಬುಟ್ಟಿ ಖಾಲಿ ಮಾಡು, ತುಂಬಿ ಚೆಲ್ತಿದೆ ಎಂದಳು. ಕೋಟಿನ ಮೇಲೆ ಹೆಸರಿತ್ತು, ಗೋಡೆಯ ಮೇಲೆ ಅದೇ ಹೆಸರು, ಪಕ್ಕದಲ್ಲಿ ಫೋಟೋ. ಕಸದ ಬುಟ್ಟಿ ಮಾತ್ರ ಅವಳಿಗೆ ಕಂಡದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ಏನಮ್ಮಾ, ಕಣ್ಣು ಎಲ್ಲಿಟ್ಟಿದ್ದೀಯ ಎಂದು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದೆ. ಅವಳಾದರೂ ಬುಟ್ಟಿ ತೆಗಿ ಎಂದಳು. ನಾನು ಆ ಸಂಜೆ ಎಣ್ಣೆ ಬಟ್ಟೆ ಹಿಡಿದಿದ್ದೆ.

ಅವರು ಬುಟ್ಟಿ ಖಾಲಿ ಮಾಡಿ ತಂದಿಟ್ಟು, ಕೈ ತೊಳೆದುಕೊಂಡು, ಈಗ ನೀವು ಬನ್ನಿ, ಬಾಯಿ ತೆಗೀರಿ ಎಂದರು. ಆ ಹೆಂಗಸಿಗೆ ಬಾಯಿ ತೆಗೆಯಲು ಹೇಳಿಕೊಡಬೇಕಾಗಿರಲಿಲ್ಲ, ತೆಗೆದೇ ಇತ್ತು.

ಅಂದು ರೈಲಿನಲ್ಲಿ ವಾಪಸ್ಸು ಬರುತ್ತಾ ನನಗನ್ನಿಸಿತು. ನಾವು ನಾಟಕದವರು ಮೂರನೇ ಅಂಕ ಮುಗಿದ ಮೇಲೆ ಡಬ್ಬಿ ಮುಚ್ಚಿ, ಮುಖ ತೊಳೆಸಿ ಮನೆಗೆ ಹೋಗುತ್ತೇವೆ. ಹೊರಗಿನವರು ಡಬ್ಬಿಗಳನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಬಾಡಿಗೆ ಮನೆಯ ಬಾಗಿಲಲ್ಲಿ, ಬಸ್ಸಿನ ಸೀಟಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ತಟ್ಟನೆ ಬಳಿದುಬಿಡುತ್ತಾರೆ. ನಾನು ಎರಡೂ ಕಡೆಯ ಕೆಲಸ ಮಾಡಿದವಳು.

ಅಡ್ಡಗೋಡೆಯ ಮೇಲೆ ದೀಪ ಇಟ್ಟದ್ದು ಸಾಕು. ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಮೊದಲನೇ ಸಲ ಒರೆಸಿದ್ದು ಬಣ್ಣವೆಂದು. ಎರಡನೇ ಸಲ ಅನುಮಾನದಿಂದ. ಅವನು ಹೇಳಿದ್ದು ಅರ್ಥವಾಗಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಇಪ್ಪತ್ತು ವರ್ಷ ರಂಗದ ಪಕ್ಕದಲ್ಲಿ ನಿಂತು ಆ ಹಲ್ಲಿನ ಹಿಂದಿನ ಮಾತು ಕೇಳಿದ ಕಿವಿ ನನ್ನದು. ಅದು ಹೋಗಲ್ಲ ಅಮ್ಮ, ನಾನು ನಿಮ್ಮ ಮಗಳ ಜೊತೆ ಬಂದವನು, ಅಂದ. ಒಂದೊಂದು ಅಕ್ಷರವೂ ಕೇಳಿಸಿತು. ಕೇಳಿಸಿದ ಮೇಲೆ ಮೂರನೇ ಸಲ ಒರೆಸಿದೆ. ಹೋಗಲಿ ಎಂದು ಒರೆಸಿದೆ, ಮಗಳೇ. ಹೋದರೆ ಸಾಕು ಎಂದು ಒರೆಸಿದೆ. ಅವನು ಕಣ್ಣು ಮುಚ್ಚಿಕೊಂಡು ಒರೆಸಿಸಿಕೊಂಡ. ನನಗೆ ನನ್ನ ಕೈಯನ್ನೇ ನೋಡಲು ನಾಚಿಕೆಯಾಗುತ್ತದೆ.

ಇಷ್ಟೇ ಉತ್ತರ. ಹೊಟ್ಟೆಗೆ ಹಾಕಿಕೊಂಡರೆ ಶುಕ್ರವಾರ ಹತ್ತೂವರೆಗೆ ಬರುತ್ತೇನೆ, ಮೂಲೆಯಲ್ಲಿ ನಿಂತಿರುತ್ತೇನೆ, ಯಾರ ಮುಖವನ್ನೂ ಮುಟ್ಟುವುದಿಲ್ಲ. ಬೇಡವೆಂದರೆ ಅದೂ ನ್ಯಾಯವೇ, ಮಾಡಿದ್ದುಣ್ಣೋ ಮಹರಾಯ. ಒಂಬತ್ತನೇ ಡಬ್ಬಿಯನ್ನು ತಿಕ್ಕಿ ತೊಳೆದು ಗುಂಡಿ, ಸೂಜಿ, ದಾರ ಹಾಕಿಟ್ಟಿದ್ದೇನೆ. ಶನಿವಾರ ಗುಡುಗಣ್ಣ ತನ್ನ ಸ್ವಂತ ಮುಖದಲ್ಲಿ ಕಾಡಿನ ದೊರೆಯಾಗುತ್ತಾನೆ. ರಾಜ ರಾಜೀನಾಮೆ ಕೊಡುತ್ತೇನೆಂದು ಹೆದರಿಸಿದ್ದಾನೆ, ಕೊಡಲಿ.

ಕೋರೆಹಲ್ಲು ಕಳಿಸಬೇಡ.

ತಪ್ಪು ಮಾಡಿದರೂ ನಿನ್ನವಳೇ ಆದ,
ಅಮ್ಮ

ತಾ.ಕ.: ಸುಳ್ಳು ಸೇರಿಸಬೇಡ ಎಂದಿದ್ದೀಯ, ಹಾಗಾಗಿ ಇದೂ ಒಂದು. ಕೋರೆಹಲ್ಲನ್ನು ನಮ್ಮ ಡಾಕ್ಟರು ಹೋದ ವಾರವೇ ತೊಳೆದು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಡಲು ನೋಡಿದ್ದ. ನಾನೇ ಬೇಡವೆಂದೆ. ಪತ್ರ ಶುರು ಮಾಡಲು ಬೇರೇನೂ ತೋಚದೆ ಅದನ್ನು ಹಿಡಿದುಕೊಂಡೆ. ದವಡೆ ಹಲ್ಲಿನ ನೆಪ ಮಾಡಿ ಎರಡು ಸಲ ಅವನ ಹತ್ತಿರ ಹೋಗಿದ್ದೇನೆ. ನಿನಗೆ ಹೇಳಬೇಡ ಎಂದಿದ್ದೆ, ಅದಕ್ಕೂ ಹೂಂ ಅಂದ. ನನ್ನ ಬಾಯಿ ತುಂಬ ಹತ್ತಿ ತುರುಕಿಟ್ಟು, ತಮ್ಮ ಊರಿನ ನಾಟಕದಲ್ಲಿ ನಮ್ಮ ಕಡೆಯವರ ಪಾತ್ರ ಒಂದಿದೆ, ಎಣ್ಣೆ ತಲೆಯ ಜಿಪುಣ, ಮಾತಿಗೊಮ್ಮೆ ತಲೆ ಅಲ್ಲಾಡಿಸುತ್ತಾನೆ, ಶಾಲೆಯಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಅದನ್ನು ತಾನೇ ಮಾಡಿದ್ದಾಗಿ ಹೇಳಿದ. ಹತ್ತಿಯಿಂದಾಗಿ ಜಗಳ ಆಡಲಾಗಲಿಲ್ಲ, ಸಿಟ್ಟಿಗೆ ತಲೆ ಅಲ್ಲಾಡಿಸಿದೆ, ಇಬ್ಬರಿಗೂ ನಗು ಬಂತು. ಆಮೇಲೆ, ತಪ್ಪಾಯ್ತಪ್ಪಾ ಎಂದೆ. ಹತ್ತಿಯ ಹಿಂದಿನಿಂದ ಅದು ಬರಿಯ ಗುರುಗುರು ಎಂದು ಕೇಳಿಸಿರಬೇಕು. ಅರ್ಥವಾಯ್ತು ಅಮ್ಮ ಎಂದ. ಎಲ್ಲ ಮುಗಿದ ಮೇಲೆ ನನ್ನ ಗಲ್ಲಕ್ಕೆ ಇಳಿದಿದ್ದ ನೀರನ್ನು ಬಟ್ಟೆಯಲ್ಲಿ ಒರೆಸಿದ. ಇನ್ನೊಮ್ಮೆ ಒರೆಸಿದ. ಆಮೇಲೆ ನನ್ನ ಮುಖ ನೋಡಿ ನಗುತ್ತಾ, ಮೆಲ್ಲಗೆ, ಮೂರನೇ ಸಲವೂ ಒರೆಸಿದ. ಅಷ್ಟರಲ್ಲಿ ಅಲ್ಲಿ ಏನೂ ಉಳಿದಿರಲಿಲ್ಲ.