ಬರೆದ ಮನೆ, ನುಂಗದ ಮಾತ್ರೆ

ವಕೀಲರಿಗೆ ನಮಸ್ಕಾರ.

ಹೋದ ತಿಂಗಳು ನೀವು ಮನೆಗೆ ಬಂದು, ದೊಡ್ಡಪ್ಪನ ಮಂದ ಕಿವಿಗೆ ಕೇಳಲೆಂದು ಅವರ ಉಯಿಲನ್ನು ಗಟ್ಟಿಯಾಗಿ ಓದಿದಿರಿ. ಮನೆ, ಹಿತ್ತಿಲು ಎಲ್ಲವೂ ಅವರನ್ನು ನೋಡಿಕೊಳ್ಳುವ ತಮ್ಮನ ಮಗಳಿಗೆ, ಅಂದರೆ ನನಗೆ, "ನನ್ನ ಮರಣಾನಂತರ" ಎಂದು. ಆ ಒಂದು ಪದ ಅವರ ಕಿವಿಯಲ್ಲೇ ಕೂತುಬಿಟ್ಟಿದೆ.

ಏಳು ವರ್ಷದಿಂದ ನಾನು "ಬಿಳಿ ಗುಳಿಗೆ ಬೆಳಗಿಗೆ, ಕೆಂಪು ಗುಳಿಗೆ ಕತ್ತಲಿಗೆ" ಎಂದರೆ ಸಾಕು, ನಗುತ್ತಾ ಬಾಯಿ ತೆರೆಯುತ್ತಿದ್ದರು. ಈಗ, "ಮೊದಲು ನೀನು ನುಂಗು, ನೋಡೋಣ" ಅನ್ನುತ್ತಾರೆ. ಸೋಮವಾರ ನುಂಗಿಯೇಬಿಟ್ಟೆ. ಅದು ರಕ್ತದೊತ್ತಡ ಇಳಿಸುವ ಮಾತ್ರೆ; ಇಳಿಸುವಷ್ಟು ಒತ್ತಡ ನನ್ನಲ್ಲಿರಲಿಲ್ಲ. ತಲೆ ಸುತ್ತಿ ಅವರ ಮಂಚದ ಪಕ್ಕದಲ್ಲೇ ಬಿದ್ದೆ.

"ನೋಡಿದ್ಯಾ? ನಾನು ಹೇಳ್ಲಿಲ್ವಾ!" ಅಂದರು.

ಅಂದಿನಿಂದ ನಾಲ್ಕು ದಿನವಾಯಿತು, ಒಂದು ಮಾತ್ರೆಯೂ ಗಂಟಲಿಗೆ ಇಳಿದಿಲ್ಲ. ಡಾಕ್ಟರು ಕೊಟ್ಟರೆ, "ನೀವೂ ಅವಳ ಕಡೆಯವರೇ" ಎಂದರು. ಯಾವ ಗಳಿಗೆಯಲ್ಲಾದರೂ ಲಕ್ವ ಹೊಡೆಯಬಹುದು ಎಂದು ಡಾಕ್ಟರು ಹೇಳಿಹೋಗಿದ್ದಾರೆ. ಉಸಿರಾಟ ಕೇಳಲೆಂದು ಅವರ ಕೋಣೆಯ ಬಾಗಿಲ ಹೊರಗೇ ಕೂರುತ್ತೇನೆ. ಒಳಗೆ ಹೋದರೆ ಅವರಿಗೆ ಭಯ, ಹೋಗದಿದ್ದರೆ ನನಗೆ.

ದಯವಿಟ್ಟು ನಾಳೆ ಬೆಳಗ್ಗೆಯೇ ಹೊಸ ಉಯಿಲು ತನ್ನಿ. ಬದಲಾಯಿಸಿ ಎಂದು ನಿಮಗೆ ಹೇಳಲು ಅವರಿಗೆ ನಾಚಿಕೆ. ತಂದರೆ ಸಹಿ ಹಾಕುತ್ತಾರೆ. ಮನೆ ಯಾರಿಗಾದರೂ ಹೋಗಲಿ. ಅದರಲ್ಲಿ ನನ್ನ ಹೆಸರಿಲ್ಲ ಎಂಬುದನ್ನು ಎರಡು ಸಲ ಗಟ್ಟಿಯಾಗಿ ಹೇಳಿ. ಬಿಳಿ ಗುಳಿಗೆ, ನೀರು ಹಿಡಿದು ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಇಂತಿ,
ನಾಳೆ ಬೆಳಗಿನವರೆಗಿನ ವಾರಸುದಾರಳು